ಆಗಸ್ಟ್‌ನಲ್ಲಿ ರೀಲ್ಸ್, ಫೆಬ್ರುವರಿಯಲ್ಲಿ ಕೆಂಪು ಡ್ರೆಸ್: ಅಮೆರಿಕದ ಸೊರಾರಿಟಿ ಹುಡುಗಿಯರಿಗೂ ಹೆಣ್ಣಿನ ಹೃದಯಕ್ಕೂ ಏನು ನಂಟು?

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಇಯರ್‌ಫೋನ್ ಮನೇಲಿ ಮರೆತು ಬಸ್ಸು ಹತ್ತಿದವರು ಇಲ್ಲೇ ಓದಿಕೊಳ್ಳಬಹುದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.



ಆಗಸ್ಟ್ ತಿಂಗಳಲ್ಲಿ ರೀಲ್ಸ್ ನೋಡ್ತಾ ಕೂತ್ರೆ ಒಂದು ಥರದ ವಿಡಿಯೋ ನಿಮಗೂ ಬಂದಿರುತ್ತೆ. ದೊಡ್ಡ ದೊಡ್ಡ ಬಿಳಿ ಕಂಬಗಳ ಬಂಗಲೆ. ಬಾಗಿಲ ತುಂಬ ಒಂದೇ ಬಣ್ಣದ ಬಟ್ಟೆ ಹಾಕ್ಕೊಂಡ ಹುಡುಗಿಯರು. ಚಪ್ಪಾಳೆ, ಹಾಡು, ಕಿವಿ ಕಿತ್ತುಹೋಗೋ ಕಿರುಚಾಟ. ಆಮೇಲೆ ಒಬ್ಬಳು ಕ್ಯಾಮೆರಾ ಮುಂದೆ ನಿಂತು, ಇವತ್ತಿನ ಡ್ರೆಸ್ ಎಲ್ಲಿ ತಗೊಂಡೆ, ಓಲೆ ಎಲ್ಲಿ ತಗೊಂಡೆ ಅಂತ ಒಂದೊಂದಾಗಿ ತೋರಿಸ್ತಾಳೆ. 2021ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಇಂಥ ವಿಡಿಯೋಗಳು ಟಿಕ್‌ಟಾಕ್‌ನಲ್ಲಿ ಹುಚ್ಚೆದ್ದು ಓಡಿದ್ವು. ನಮ್ಮಲ್ಲಿ ಟಿಕ್‌ಟಾಕ್ 2020ರಲ್ಲೇ ಬಂದ್ ಆಗಿತ್ತು, ಹಾಗಾಗಿ ನಮಗೆ ಬಂದಿದ್ದು ಅಲ್ಲಿಂದ ಇಲ್ಲಿಗೆ ಹಾರಿದ ರೀಲ್ಸ್ ರೂಪದಲ್ಲಿ.

ಇದನ್ನೆಲ್ಲ ನೋಡಿದಾಗ ಅನ್ನಿಸೋದು ಒಂದೇ: ಇವರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?

ಇದೆ. ಅದೇ ಬಂಗಲೆಗಳಲ್ಲಿ ಕೆಲವು, ವರ್ಷಕ್ಕೊಂದು ಸಲ ಕೆಂಪು ಬಣ್ಣ ತೊಟ್ಟು ಹೆಂಗಸರ ಹೃದ್ರೋಗಕ್ಕೆ ಅಂತ ದುಡ್ಡು ಎತ್ತುತ್ತವೆ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗಿಯರು ಅರವತ್ತು ದಾಟಿದವರ ಕಾಯಿಲೆ ಅಂತ ನಾವು ಅಂದುಕೊಂಡಿರೋ ವಿಷಯಕ್ಕೆ ಯಾಕೆ ಓಡಾಡ್ತಾರೆ? ಅದರಿಂದ ಏನಾದ್ರೂ ಉಪಯೋಗ ಆಗಿದೆಯಾ? ಇವತ್ತು ಅದನ್ನ ನೋಡೋಣ. ಉತ್ತರ ಪೂರ್ತಿ ಸಿಹಿಯಾಗಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ.

ಸೊರಾರಿಟಿ ಅಂದ್ರೆ ಏನು?

ಲ್ಯಾಟಿನ್ ಭಾಷೆಯಲ್ಲಿ ‘ಸೊರೊರ್’ ಅಂದ್ರೆ ಅಕ್ಕ ಅಥವಾ ತಂಗಿ. ಸೊರಾರಿಟಿ ಅಂದ್ರೆ ಅಕ್ಕತಂಗಿಯರ ಕೂಟ. ನಮ್ಮ ಕಾಲೇಜುಗಳಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಅರ್ಧ ಹಾಸ್ಟೆಲ್, ಅರ್ಧ ಸಂಘ, ಮೇಲೆ ಸ್ವಲ್ಪ ಮನೆತನ ಅಂದುಕೊಳ್ಳಿ. ಹೆಸರು ಎರಡು ಮೂರು ಗ್ರೀಕ್ ಅಕ್ಷರಗಳಲ್ಲಿರುತ್ತೆ. ಒಂದು ಸೊರಾರಿಟಿಗೆ ದೇಶದ ತುಂಬ ಶಾಖೆಗಳಿರುತ್ವೆ, ಒಂದೊಂದು ಕ್ಯಾಂಪಸ್‌ನ ಶಾಖೆಯನ್ನ ಚಾಪ್ಟರ್ ಅಂತಾರೆ.

ನಮ್ಮ ಕತೆಗೆ ಮುಖ್ಯ ಪಾತ್ರ ಆಲ್ಫಾ ಫೀ. ಗಣಿತದ ಮೇಷ್ಟ್ರು ಅದೇ ಅಕ್ಷರವನ್ನ ‘ಫೈ’ ಅಂತ ಕಲಿಸಿರ್ತಾರೆ, ಈ ಹುಡುಗಿಯರು ಮಾತ್ರ ‘ಫೀ’ ಅಂತಾನೇ ಹೇಳೋದು. 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಹತ್ತು ಜನ ವಿದ್ಯಾರ್ಥಿನಿಯರು ಸೇರಿ ಇದನ್ನ ಕಟ್ಟಿದ್ರು. ವಿಶ್ವವಿದ್ಯಾಲಯ ಶುರುವಾಗಿ ಆಗಿನ್ನೂ ಎರಡೇ ವರ್ಷ. ಹೆಣ್ಣುಮಕ್ಕಳಿಗೆ ಪ್ರವೇಶ ಇತ್ತು ನಿಜ, ಆದ್ರೆ ಇದ್ದವರು ಬೆರಳೆಣಿಕೆಯಷ್ಟು. ಓದಿದ್ರೆ ಹೆಣ್ಣುಮಕ್ಕಳ ಆರೋಗ್ಯ ಕೆಡುತ್ತೆ ಅಂತ ವೈದ್ಯರೇ ಪುಸ್ತಕ ಬರೀತಿದ್ದ ಕಾಲ ಅದು. ಗಂಡು ಹುಡುಗರಿಗೆ ಫ್ರೆಟರ್ನಿಟಿ ಅಂತ ಸಂಘಗಳಿದ್ವು, ಹುಡುಗಿಯರಿಗೆ ಕೂತು ಮಾತಾಡೋಕೆ ಒಂದು ಜಾಗ ಇರಲಿಲ್ಲ. ಆ ಜಾಗಕ್ಕೋಸ್ಕರ ಹುಟ್ಟಿದ್ದು ಈ ಕೂಟ. 1886ರಲ್ಲಿ ಸಿರಕ್ಯೂಸ್‌ನಲ್ಲೇ ತಮ್ಮದೇ ಮನೆ ಕಟ್ಟಿಸಿಕೊಂಡ್ರು. ಓಟು ಹಾಕೋ ಹಕ್ಕು ಸಿಗೋಕೆ ಇನ್ನೂ 34 ವರ್ಷ ಬಾಕಿ ಇತ್ತು.

ಇನ್ನೊಂದು ತಮಾಷೆ ಏನಂದ್ರೆ, ಶುರುವಾದಾಗ ಸೊರಾರಿಟಿ ಅನ್ನೋ ಪದವೇ ಬಳಕೆಯಲ್ಲಿರಲಿಲ್ಲ. ‘ಹೆಂಗಸರ ಫ್ರೆಟರ್ನಿಟಿ’ ಅಂತಿದ್ರು. ಅದೇ ಸಿರಕ್ಯೂಸ್‌ನಲ್ಲಿ 1874ರಲ್ಲಿ ಹುಟ್ಟಿದ ಗಾಮಾ ಫೈ ಬೀಟಾ ಅನ್ನೋ ಕೂಟಕ್ಕೆ ಒಬ್ಬ ಲ್ಯಾಟಿನ್ ಪ್ರೊಫೆಸರ್ ಈ ಪದ ಸೂಚಿಸಿದ್ರಂತೆ. ಅಲ್ಲಿಂದ ಅದು ಎಲ್ಲ ಕಡೆ ಹಬ್ಬಿತು.

ಒಳಗಿನ ದಿನಚರಿ

ರೀಲ್ಸ್‌ನಲ್ಲಿ ಕಾಣೋದು ಮೊದಲ ವಾರ ಮಾತ್ರ, ಅಂದ್ರೆ ‘ರಶ್’. ಹೊಸ ಹುಡುಗಿಯರು ಮನೆಮನೆಗೂ ಹೋಗಿ ಮಾತಾಡ್ತಾರೆ, ಕೂಟಗಳು ಇವರನ್ನ ಅಳೀತಾವೆ, ಇವರು ಕೂಟಗಳನ್ನ ಅಳೀತಾರೆ. ಹೆಣ್ಣು ನೋಡೋ ಶಾಸ್ತ್ರ ನೆನಪಾದ್ರೆ ನಿಮ್ಮ ತಪ್ಪಿಲ್ಲ. ಕೊನೆಗೆ ಒಂದು ಆಹ್ವಾನ ಪತ್ರ ಬರುತ್ತೆ, ಅದಕ್ಕೆ ‘ಬಿಡ್’ ಅಂತಾರೆ. ಒಪ್ಪಿಕೊಂಡ್ರೆ ನಿಮಗೊಬ್ಬಳು ‘ಬಿಗ್’ ಸಿಗ್ತಾಳೆ, ಅಂದ್ರೆ ಸೀನಿಯರ್ ಅಕ್ಕ. ನೀವು ಅವಳ ‘ಲಿಟಲ್’.

ಆಮೇಲೆ ಶುರುವಾಗೋದು ಬೋರ್ ಹೊಡೆಸೋ ಭಾಗ, ನನಗೆ ಕುತೂಹಲ ಇರೋದು ಅಲ್ಲೇ. ವಾರಕ್ಕೊಂದು ಸಭೆ. ಅಧ್ಯಕ್ಷೆ, ಖಜಾಂಚಿ, ಮನೆ ನೋಡಿಕೊಳ್ಳೋವಳು, ಸೇವಾ ಕಾರ್ಯಕ್ರಮ ನೋಡಿಕೊಳ್ಳೋವಳು, ಹೀಗೆ ಪದಾಧಿಕಾರಿಗಳು. ಸಭೆಗೆ ಬರದಿದ್ರೆ ಕೆಲವು ಕಡೆ ದಂಡ. ಮಾರ್ಕ್ಸ್ ಕಡಿಮೆ ಆದ್ರೆ ಎಚ್ಚರಿಕೆ. ಜೊತೆಗೆ ಫೀಸು. ಮನೆಯಲ್ಲೇ ಇದ್ದು ಊಟ ಮಾಡೋದಾದ್ರೆ ವರ್ಷಕ್ಕೆ ಹಲವು ಸಾವಿರ ಡಾಲರ್ ಆಗೋ ಕ್ಯಾಂಪಸ್‌ಗಳಿವೆ. ಯಾರು ಒಳಗೆ, ಯಾರು ಹೊರಗೆ ಅನ್ನೋದನ್ನ ಅರ್ಧ ನಿರ್ಧಾರ ಮಾಡೋದು ಈ ಫೀಸೇ.

ಉಳಿದರ್ಧವನ್ನ ಬಹಳ ಕಾಲ ಬಣ್ಣ ನಿರ್ಧಾರ ಮಾಡ್ತಿತ್ತು. ಬಿಳಿಯರ ಸೊರಾರಿಟಿಗಳು ಕಪ್ಪು ಹುಡುಗಿಯರನ್ನ ಸೇರಿಸಿಕೊಳ್ತಿರಲಿಲ್ಲ. 1908ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಾಪಾ ಆಲ್ಫಾ ಹುಟ್ಟಿತು, ಕಪ್ಪು ವಿದ್ಯಾರ್ಥಿನಿಯರ ಮೊದಲ ಸೊರಾರಿಟಿ ಅದು. ಕಮಲಾ ಹ್ಯಾರಿಸ್ ಅದರ ಸದಸ್ಯೆ. 1913ರಲ್ಲಿ ಅಲ್ಲೇ ಡೆಲ್ಟಾ ಸಿಗ್ಮಾ ಥೀಟಾ ಶುರುವಾಯ್ತು, ಶುರುವಾದ ಕೆಲವೇ ವಾರಗಳಲ್ಲಿ ಅದರ ಹುಡುಗಿಯರು ವಾಷಿಂಗ್ಟನ್‌ನ ಬೀದಿಯಲ್ಲಿ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ್ರು. ಇನ್ನು ಆ ಅಲಬಾಮಾದ ಬಿಳಿ ಕಂಬದ ಬಂಗಲೆಗಳು? ಅಲ್ಲಿ ಬಣ್ಣ ನೋಡಿ ಹುಡುಗಿಯರನ್ನ ಹೊರಗಿಡ್ತಾರೆ ಅಂತ ವಿದ್ಯಾರ್ಥಿಗಳ ಪತ್ರಿಕೆಯೇ ಬಯಲು ಮಾಡಿ, ಗಲಾಟೆಯಾಗಿ, ಬಾಗಿಲು ತೆರೆದದ್ದು 2013ರಲ್ಲಿ. ಹತ್ತೊಂಬತ್ತು ನೂರ ಹದಿಮೂರಲ್ಲ, ಎರಡು ಸಾವಿರದ ಹದಿಮೂರು.

ನಮ್ಮವರ ಕತೆ 1998ರಿಂದ. ಆ ವರ್ಷ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಾಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕ್‌ನಲ್ಲಿ ಸಿಗ್ಮಾ ಸಿಗ್ಮಾ ರೋ, ಹೀಗೆ ದಕ್ಷಿಣ ಏಷ್ಯಾ ಮೂಲದ ಹುಡುಗಿಯರ ಸೊರಾರಿಟಿಗಳು ಒಂದರ ಹಿಂದೆ ಒಂದು ಹುಟ್ಟಿದ್ವು. ತೊಂಬತ್ತರ ದಶಕದ ಐಟಿ ಅಲೆಗೂ ಮೊದಲು ಹೋದವರ ಮಕ್ಕಳು ಕಾಲೇಜಿಗೆ ಬಂದ ಸಮಯ ಅದು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋದವರ ಮಕ್ಕಳು ಇವತ್ತು ಅಲ್ಲಿ ಕಾಲೇಜು ಸೇರಿದ್ರೆ, ಎದುರಿಗೆ ಬರೋ ಆಯ್ಕೆಗಳಲ್ಲಿ ಇವೂ ಇರುತ್ವೆ. ಇವರ ವಿಷಯಕ್ಕೆ ಆಮೇಲೆ ವಾಪಸ್ ಬರ್ತೀನಿ, ಹೃದಯದ ಕತೆಯಲ್ಲಿ ಇವರಿಗೆ ಬೇರೆಯದೇ ಪಾತ್ರ ಇದೆ.

ಹೃದಯ ಯಾಕೆ?

ಹೆಚ್ಚುಕಡಿಮೆ ಪ್ರತಿ ದೊಡ್ಡ ಸೊರಾರಿಟಿಗೂ ಒಂದು ‘ಕಾಸ್’ ಇರುತ್ತೆ. ಝೀಟಾ ಟೌ ಆಲ್ಫಾದವರಿಗೆ ಸ್ತನ ಕ್ಯಾನ್ಸರ್, ಕಾಪಾ ಡೆಲ್ಟಾದವರಿಗೆ ಮಕ್ಕಳ ಮೇಲಿನ ದೌರ್ಜನ್ಯ ತಡೆ. ಇದರಲ್ಲಿ ಎರಡು ಬಗೆ. ದುಡ್ಡು ಎತ್ತೋದು ಒಂದು, ಮೈ ಬಗ್ಗಿಸಿ ಗಂಟೆಗಟ್ಟಲೆ ಕೆಲಸ ಮಾಡೋದು ಇನ್ನೊಂದು. ಚಾಪ್ಟರ್‌ಗಳಲ್ಲಿ ಇವೆರಡನ್ನ ಬೇರೆ ಬೇರೆ ಲೆಕ್ಕ ಇಡ್ತಾರೆ.

ಆಲ್ಫಾ ಫೀ ಹೃದಯವನ್ನ ಆರಿಸಿಕೊಂಡಿದ್ದು 1946ರಲ್ಲಿ. ಹತ್ತು ವರ್ಷದ ನಂತರ, 1956ರಲ್ಲಿ, ಅದರ ಪ್ರತಿಷ್ಠಾನ ಶುರುವಾಯ್ತು. ಆಗ ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಅಂದ್ರೆ ಗಂಡಸರ ರೋಗ. ಟೈ ಕಟ್ಟಿಕೊಂಡ ಆಫೀಸಿನ ಯಜಮಾನ ಎದೆ ಹಿಡ್ಕೊಂಡು ಕುಸಿಯೋದು, ಅದೇ ಚಿತ್ರ. ಹೆಂಗಸರ ಪಾಲಿಗೆ ಬಂದಿದ್ದು ಅವನಿಗೆ ಎಣ್ಣೆ ಕಡಿಮೆ ಹಾಕಿ ಅಡುಗೆ ಮಾಡೋ ಕೆಲಸ.

ಉತ್ಪ್ರೇಕ್ಷೆ ಅನ್ನಿಸ್ತಾ? 1964ರಲ್ಲಿ ಆರೆಗಾನ್ ರಾಜ್ಯದಲ್ಲಿ ಹೃದ್ರೋಗದ ಬಗ್ಗೆ ಹೆಂಗಸರಿಗಾಗಿ ಒಂದು ದೊಡ್ಡ ಸಮಾವೇಶ ನಡೀತು. ಸಾವಿರಾರು ಹೆಂಗಸರು ಬಂದ್ರು. ಅದರ ಹೆಸರು ‘ಹಾರ್ಟ್ಸ್ ಅಂಡ್ ಹಸ್ಬೆಂಡ್ಸ್’. ಹೃದಯಗಳು ಮತ್ತು ಗಂಡಂದಿರು. ಗಂಡನ ಹೃದಯ ಕಾಪಾಡೋದು ಹೇಗೆ ಅಂತ ಅಲ್ಲಿ ಹೇಳಿಕೊಟ್ರು. ಕೂತು ಕೇಳ್ತಿದ್ದ ಅಷ್ಟೂ ಜನರ ಎದೆಯೊಳಗೂ ಒಂದೊಂದು ಹೃದಯ ಇತ್ತು ಅನ್ನೋದು ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ. ಫೆಬ್ರುವರಿಯನ್ನ ‘ಹೃದಯದ ತಿಂಗಳು’ ಅಂತ ಅಮೆರಿಕ ಸರ್ಕಾರ ಆಚರಿಸೋಕೆ ಶುರುಮಾಡಿದ್ದೂ ಅದೇ 1964ರಲ್ಲೇ.

ಸಂಶೋಧನೆಗಳ ಕತೆಯೂ ಹೆಚ್ಚು ಬೇರೆ ಅಲ್ಲ. ಆಸ್ಪಿರಿನ್ ಮಾತ್ರೆ ಹೃದಯಾಘಾತ ತಡೆಯುತ್ತಾ ಅಂತ ನೋಡಿದ ಪ್ರಸಿದ್ಧ ಅಧ್ಯಯನದಲ್ಲಿ 22,071 ವೈದ್ಯರಿದ್ರು. ಎಲ್ಲರೂ ಗಂಡಸರು. ಅಪಾಯಕಾರಿ ಅಂಶಗಳನ್ನ ನೋಡಿದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ 12,866 ಜನ. ಅವರೂ ಗಂಡಸರೇ. ಅದರ ಇಂಗ್ಲಿಷ್ ಹೆಸರನ್ನ ಹ್ರಸ್ವ ಮಾಡಿದ್ರೆ ‘ಮಿಸ್ಟರ್ ಫಿಟ್’ ಅಂತ ಬರ್ತಿತ್ತು, ಅಷ್ಟರಮಟ್ಟಿಗೆ.

1991ರಲ್ಲಿ ಬರ್ನಡೀನ್ ಹೀಲಿ ಅನ್ನೋ ಹೃದ್ರೋಗ ತಜ್ಞೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮೊದಲ ಮಹಿಳಾ ನಿರ್ದೇಶಕಿಯಾದ್ರು. ಅದೇ ವರ್ಷ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನದಲ್ಲಿ ಅವರು ‘ಯೆಂಟಲ್ ಸಿಂಡ್ರೋಮ್’ ಅನ್ನೋ ಹೆಸರು ಕೊಟ್ರು. ಯೆಂಟಲ್ ಒಂದು ಕತೆಯ ನಾಯಕಿ. ಹುಡುಗಿಯರಿಗೆ ಧರ್ಮಗ್ರಂಥ ಓದೋಕೆ ಬಿಡಲ್ಲ ಅಂತ ಗಂಡು ವೇಷ ಹಾಕಿ ಓದೋಕೆ ಹೋಗ್ತಾಳೆ. ಹೀಲಿ ಹೇಳಿದ್ದು ಇಷ್ಟು: ಆಸ್ಪತ್ರೆಗೆ ಬಂದ ಹೆಂಗಸಿಗೆ ಗಂಡಸಿಗೆ ಸಿಗೋ ಚಿಕಿತ್ಸೆ ಸಿಗಬೇಕಾದ್ರೆ, ತನಗೂ ಗಂಡಸಿನ ಥರದ್ದೇ ಹೃದ್ರೋಗ ಇದೆ ಅಂತ ಮೊದಲು ಅವಳು ಸಾಬೀತು ಮಾಡಬೇಕು. 1993ರಲ್ಲಿ ಕಾನೂನು ಬಂತು, ಸರ್ಕಾರದ ದುಡ್ಡಿನಲ್ಲಿ ನಡೆಯೋ ವೈದ್ಯಕೀಯ ಪ್ರಯೋಗಗಳಲ್ಲಿ ಹೆಂಗಸರೂ ಇರಲೇಬೇಕು ಅಂತ. 2002ರಲ್ಲಿ ಸರ್ಕಾರದ ಹೃದಯ ಸಂಸ್ಥೆ ಕೆಂಪು ಡ್ರೆಸ್ಸನ್ನ ಚಿಹ್ನೆ ಮಾಡಿಕೊಂಡು ಪ್ರಚಾರ ಶುರುಮಾಡ್ತು, 2004ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ‘ಗೋ ರೆಡ್ ಫಾರ್ ವಿಮೆನ್’ ಅಂತ ಕೈಜೋಡಿಸಿತು. ಫೆಬ್ರುವರಿಯ ಮೊದಲ ಶುಕ್ರವಾರ ಕೆಂಪು ಹಾಕ್ಕೊಳ್ಳೋದು ಅಲ್ಲಿಂದ ಬಂದ ರೂಢಿ.

ಆಲ್ಫಾ ಫೀ ಚಾಪ್ಟರ್‌ಗಳ ‘ರೆಡ್ ಡ್ರೆಸ್ ಗಾಲಾ’ ಕೂಡ ಇದೇ ಬಣ್ಣದ್ದು. ಎಲ್ಲ ಕಡೆ ಫೆಬ್ರುವರಿಯಲ್ಲೇ ಆಗಬೇಕು ಅಂತೇನಿಲ್ಲ. ಅಪ್ಪ ಅಮ್ಮಂದಿರನ್ನ ಕರೀತಾರೆ, ಊಟ ಇರುತ್ತೆ, ಹರಾಜು ಇರುತ್ತೆ, ಹೃದ್ರೋಗ ಎದುರಿಸಿ ಬಂದ ಒಬ್ಬರು ಮಾತಾಡ್ತಾರೆ. ಹರಾಜಿಗೆ ಸಾಮಾನು ಕೇಳಿಕೊಂಡು ಊರಿನ ಅಂಗಡಿ ಅಂಗಡಿ ಸುತ್ತೋರು ಈ ಹುಡುಗಿಯರೇ. ಗಣೇಶನ ಚಂದಾ ಎತ್ತಿದವರಿಗೆ ಆ ಕಷ್ಟ ಗೊತ್ತಿರುತ್ತೆ. ಎತ್ತಿದ ದುಡ್ಡು ಪ್ರತಿಷ್ಠಾನಕ್ಕೆ ಹೋಗಿ, ಅಲ್ಲಿಂದ ಹೆಂಗಸರ ಹೃದಯದ ಬಗ್ಗೆ ನಡೆಯೋ ಸಂಶೋಧನೆ ಮತ್ತು ಕಾರ್ಯಕ್ರಮಗಳಿಗೆ ಅನುದಾನವಾಗಿ ಸೇರುತ್ತೆ. ಕಪ್ಪು ಸೊರಾರಿಟಿಗಳಲ್ಲಿ ಆಲ್ಫಾ ಕಾಪಾ ಆಲ್ಫಾ ಕೂಡ ಫೆಬ್ರುವರಿಯಲ್ಲಿ ತನ್ನ ಗುಲಾಬಿ ಬಣ್ಣ ಬಿಟ್ಟು ಕೆಂಪು ಹಾಕೋ ದಿನ ಇಟ್ಟುಕೊಂಡಿದೆ. ಅವರ ಸದಸ್ಯತ್ವ ಕಾಲೇಜಿನ ನಂತರವೂ ಜೀವನಪೂರ್ತಿ ಸಕ್ರಿಯವಾಗಿರೋದ್ರಿಂದ, ಇಪ್ಪತ್ತರ ಹುಡುಗಿಯೂ ಎಪ್ಪತ್ತರ ಅಜ್ಜಿಯೂ ಒಂದೇ ಬಳಗದಲ್ಲಿರ್ತಾರೆ. ಈ ವಿಷಯಕ್ಕೆ ಅದೊಂದು ದೊಡ್ಡ ಅನುಕೂಲ.

ಹಾಗಾದ್ರೆ ಎಲ್ಲರಿಗೂ ಗೊತ್ತಾಗಿರಬೇಕಲ್ಲ?

ಇಲ್ಲೇ ಇರೋದು ಸಿಹಿಯಲ್ಲದ ಭಾಗ. ಅಮೆರಿಕದಲ್ಲಿ ಹೆಂಗಸರ ಸಾವಿಗೆ ನಂಬರ್ ಒನ್ ಕಾರಣ ಹೃದ್ರೋಗ. ಸಾಯೋ ಐವರಲ್ಲಿ ಹತ್ತಿರ ಹತ್ತಿರ ಒಬ್ಬರು ಅದರಿಂದಲೇ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆಗಾಗ ಹೆಂಗಸರನ್ನ ಕೇಳುತ್ತೆ: ನಿಮ್ಮ ಸಾವಿಗೆ ದೊಡ್ಡ ಕಾರಣ ಯಾವುದು? 2009ರಲ್ಲಿ ಶೇ 65ರಷ್ಟು ಹೆಂಗಸರು ಸರಿಯಾಗಿ ಹೃದ್ರೋಗ ಅಂದ್ರು. 2019ರಲ್ಲಿ ಹಾಗಂದವರು ಶೇ 44 ಮಾತ್ರ. ಹತ್ತು ವರ್ಷ ಕೆಂಪು ಡ್ರೆಸ್ ಹಾಕಿದ ಮೇಲೆ ತಿಳಿವಳಿಕೆ ಏರಿಲ್ಲ, ಇಳಿದಿದೆ. ಅದೂ ಹೆಚ್ಚು ಇಳಿದಿದ್ದು ಕಿರಿಯರಲ್ಲಿ, ಕಪ್ಪು ಮತ್ತು ಹಿಸ್ಪಾನಿಕ್ ಹೆಂಗಸರಲ್ಲಿ.

ಅಂದ್ರೆ ಕೆಂಪು ಹಾಕ್ಕೊಂಡು ಫೋಟೋ ತೆಗೆಸಿಕೊಳ್ಳೋ ವಯಸ್ಸಿನವರಿಗೇ ವಿಷಯ ತಲುಪಿಲ್ಲ. ನನ್ನ ಪ್ರಕಾರ ಕಾರಣ ಸರಳ. ಗಾಲಾ ಸಂಜೆಯಲ್ಲಿ ಹೃದ್ರೋಗ ಯಾವಾಗಲೂ ಬೇರೆ ಯಾರದ್ದೋ ಕಾಯಿಲೆ. ಅಜ್ಜಿದು, ವೇದಿಕೆ ಮೇಲೆ ಮಾತಾಡಿದ ಆಂಟಿದು. ದುಡ್ಡು ಕೊಟ್ಟ ಮೇಲೆ ಕರ್ತವ್ಯ ಮುಗೀತು ಅನ್ನಿಸುತ್ತೆ. ದುಡ್ಡು ಬೇಡ ಅಂತಲ್ಲ, ಸಂಶೋಧನೆಗೆ ಅದು ಬೇಕೇ ಬೇಕು. ಆದ್ರೆ ಆ ಕೋಣೆಯಲ್ಲಿ ನೂರು ಜನ ಇಪ್ಪತ್ತರ ಹುಡುಗಿಯರಿದ್ದಾರೆ, ಅವರಿಗೆ ಬೇಕಾದ ನಾಲ್ಕು ವಿಷಯ ಯಾರೂ ಹೇಳದೇ ಕಳಿಸಿದ್ರೆ ನಷ್ಟ ಅಲ್ವಾ?

ಆ ವಿಷಯಗಳು ಯಾವುವು ಅಂತ ನೋಡೋಣ.

‘ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದ್ರೆ ಎದೆ ನೋವೇ ಬರಲ್ಲ’ ಅಂತ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಇದೆ. ತಪ್ಪು. ಅಮೆರಿಕದಲ್ಲಿ 55 ವರ್ಷದೊಳಗೇ ಹೃದಯಾಘಾತವಾದ ಮೂರು ಸಾವಿರದಷ್ಟು ಜನರನ್ನ ಕೇಳಿದ ಅಧ್ಯಯನ ಒಂದಿದೆ. ವರ್ಗೋ ಅಂತ ಹೆಸರು, ಅದರಲ್ಲಿ ಬೇಕಂತಲೇ ಹೆಂಗಸರನ್ನ ಗಂಡಸರಿಗಿಂತ ಎರಡು ಪಟ್ಟು ಸೇರಿಸಿಕೊಂಡಿದ್ರು. ಎದೆ ನೋವು, ಎದೆ ಹಿಂಡಿದ ಹಾಗೆ, ಎದೆ ಭಾರ, ಇಂಥದ್ದು ಇತ್ತು ಅಂದವರು ಹೆಂಗಸರಲ್ಲಿ ಶೇ 87, ಗಂಡಸರಲ್ಲಿ ಶೇ 89.5. ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರೋದು, ಹೆಂಗಸರಲ್ಲಿ ಅದರ ಜೊತೆಗೆ ಬೇರೆ ಲಕ್ಷಣಗಳೂ ಹೆಚ್ಚು ಬರುತ್ವೆ. ದವಡೆ, ಕುತ್ತಿಗೆ, ಬೆನ್ನಿನ ನೋವು, ಉಸಿರು ಕಟ್ಟೋದು, ವಾಕರಿಕೆ, ಹೊಟ್ಟೆಯ ಸಂಕಟ, ಕಾರಣವಿಲ್ಲದ ಸುಸ್ತು. ಎಲ್ಲ ಸೇರಿ ಬಂದಾಗ ಎದೆಯ ಮಾತು ಹಿಂದಕ್ಕೆ ಹೋಗುತ್ತೆ. ‘ಗ್ಯಾಸ್ ಇರಬೇಕು, ಟೆನ್ಷನ್ ಇರಬೇಕು’ ಅಂತ ಅವಳೇ ಅಂದುಕೊಳ್ತಾಳೆ.

ಡಾಕ್ಟ್ರೂ ಅಂದುಕೊಳ್ತಾರೆ. ಅದೇ ಅಧ್ಯಯನದಲ್ಲಿ, ಅಟ್ಯಾಕ್ ಆಗೋಕೂ ಮೊದಲೇ ಲಕ್ಷಣ ಕಂಡು ವೈದ್ಯರ ಹತ್ತಿರ ಹೋದವರಿದ್ರು. ‘ಇದು ಹೃದಯದ್ದಲ್ಲ ಅಂತ ನಮ್ಮ ವೈದ್ಯರು ಭಾವಿಸಿದ್ರು’ ಅಂತ ಹೇಳಿದವರು ಅಂಥ ಗಂಡಸರಲ್ಲಿ ಶೇ 37, ಹೆಂಗಸರಲ್ಲಿ ಶೇ 53. ಹೀಲಿ ಆ ಲೇಖನ ಬರೆದು ಕಾಲು ಶತಮಾನ ದಾಟಿತ್ತು ಆಗ.

ಇನ್ನೊಂದು, ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡೇ ಹೃದಯಾಘಾತ ಆಗಬೇಕು ಅಂತಿಲ್ಲ. ಹೃದಯಕ್ಕೆ ರಕ್ತ ಕೊಡೋ ನಾಳದ ಒಳಪದರ ತಾನಾಗೇ ಸೀಳಿ ದಾರಿ ಮುಚ್ಚಿಹೋಗೋ ಸ್ಕ್ಯಾಡ್ ಅನ್ನೋ ತೊಂದರೆ ಇದೆ. ಇದು ಬರೋದು ಬಹುಪಾಲು ಹೆಂಗಸರಿಗೆ, ಅದೂ ಬಿಪಿ, ಶುಗರ್, ಕೊಲೆಸ್ಟ್ರಾಲ್ ಏನೂ ಇಲ್ಲದ ಮಧ್ಯವಯಸ್ಸಿನವರಿಗೆ, ಕೆಲವೊಮ್ಮೆ ಹೆರಿಗೆಯಾದ ಹೊಸತರಲ್ಲಿ. ಆರೋಗ್ಯವಾಗಿ ಕಾಣ್ತಿದ್ದಾಳೆ ಅನ್ನೋದೇ ಇಲ್ಲಿ ಮೋಸ ಮಾಡುತ್ತೆ.

ಹೆರಿಗೆ ಅಂದ ತಕ್ಷಣ ಒಂದು ಮಾತು. ಬಸಿರಿನಲ್ಲಿ ಬಿಪಿ ಏರಿ ಪ್ರಿಎಕ್ಲಾಂಪ್ಸಿಯಾ ಆಗಿದ್ರೆ, ಮುಂದೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು. ಬಸಿರಿನ ಶುಗರ್ ಕೂಡ ಅಪಾಯ ಹೆಚ್ಚಿಸುತ್ತೆ. ಹೆರಿಗೆ ಆದ ಮೇಲೆ ಬಿಪಿ ಇಳೀತು, ಶುಗರ್ ಇಳೀತು, ಎಲ್ಲ ಮುಗೀತು ಅಂತ ಮನೆಯವರು ಮರೀತಾರೆ. ಇಪ್ಪತ್ತು ವರ್ಷದ ನಂತರ ಹೃದ್ರೋಗ ತಜ್ಞರ ಹತ್ತಿರ ಹೋದಾಗ ಆ ಹಳೆಯ ಫೈಲು ಜೊತೆಗಿರಲ್ಲ. ‘ಅಮ್ಮಾ, ನಾನು ಹೊಟ್ಟೇಲಿದ್ದಾಗ ನಿನಗೆ ಬಿಪಿ ಇತ್ತಾ?’ ಅಂತ ಕೇಳೋಕೆ ಒಂದು ಫೋನ್ ಕಾಲ್ ಸಾಕು. ಉತ್ತರ ಹೌದು ಅಂತಾದ್ರೆ, ಅವರ ವೈದ್ಯರಿಗೆ ಅದು ಗೊತ್ತಿರಬೇಕು.

ಇಪ್ಪತ್ತರ ಹುಡುಗಿಯದ್ದೇ ಹೃದಯದ ಮಾತೂ ಇದೆ, ಗಾಲಾಗಳಲ್ಲಿ ಯಾರೂ ಎತ್ತದ ಮಾತು. ಒಂದೇ ಅಳತೆಯ ಡ್ರೆಸ್ಸು, ದಿನವೂ ಫೋಟೋ, ಪಕ್ಕದವಳ ಜೊತೆ ಹೋಲಿಕೆ, ಇಂಥ ವಾತಾವರಣದಲ್ಲಿ ಊಟ ಬಿಡೋದು ಶುರುವಾದ್ರೆ ಅದು ಹೃದಯಕ್ಕೂ ತಾಗುತ್ತೆ. ಅನೊರೆಕ್ಸಿಯಾ ಇರೋವರಲ್ಲಿ ಹೃದಯ ಬಡಿತ ಅಪಾಯದ ಮಟ್ಟಕ್ಕೆ ಇಳೀಬಹುದು. ಪದೇ ಪದೇ ವಾಂತಿ ಮಾಡಿಕೊಂಡ್ರೆ ಪೊಟ್ಯಾಸಿಯಂ ಕುಸಿದು ಬಡಿತದ ಲಯವೇ ತಪ್ಪಬಹುದು. ಹೃದಯದ ಹೆಸರಲ್ಲಿ ದುಡ್ಡು ಎತ್ತೋ ಚಾಪ್ಟರ್, ತನ್ನ ಊಟದ ಮನೆಯಲ್ಲಿ ಯಾರ ತಟ್ಟೆ ಖಾಲಿ ಇದೆ ಅಂತಾನೂ ನೋಡಬೇಕು. ಇದು ನನ್ನ ಅಭಿಪ್ರಾಯ, ಆದ್ರೆ ಗಟ್ಟಿಯಾದ ಅಭಿಪ್ರಾಯ.

ನಮ್ಮ ಹುಡುಗಿಯರ ಲೆಕ್ಕವೇ ಬೇರೆ

ಆಗ ಹೇಳಿದ್ನಲ್ಲ, ದಕ್ಷಿಣ ಏಷ್ಯಾದವರ ಸೊರಾರಿಟಿಗಳ ವಿಷಯಕ್ಕೆ ವಾಪಸ್ ಬರ್ತೀನಿ ಅಂತ. ಭಾರತ, ಪಾಕಿಸ್ತಾನ, ಬಾಂಗ್ಲಾ, ಶ್ರೀಲಂಕಾ ಮೂಲದವರಿಗೆ ಹೃದ್ರೋಗ ಬೇರೆಯವರಿಗಿಂತ ಬೇಗ ಬರುತ್ತೆ, ಸಣ್ಣಗೆ ಕಾಣೋವರಿಗೂ ಬರುತ್ತೆ. ಇದು ಯಾಕೆ ಅಂತ ಹುಡುಕೋಕೆ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಪ್ರದೇಶಗಳಲ್ಲಿ ಒಂದು ದೀರ್ಘ ಅಧ್ಯಯನ ಶುರುವಾಯ್ತು. ಹೆಸರು ‘ಮಸಾಲಾ’! ಉದ್ದದ ಇಂಗ್ಲಿಷ್ ಹೆಸರೊಂದರ ಮೊದಲ ಅಕ್ಷರಗಳನ್ನ ಜೋಡಿಸಿ ಹಾಗೆ ಮಾಡಿದ್ದಾರೆ, ಹೆಸರಿಟ್ಟವರಿಗೆ ಒಳ್ಳೆ ಹಾಸ್ಯಪ್ರಜ್ಞೆ. ಒಂದೇ ತೂಕದ ಬೇರೆಯವರಿಗೆ ಹೋಲಿಸಿದ್ರೆ ನಮ್ಮವರಲ್ಲಿ ಯಕೃತ್ತು, ಹೊಟ್ಟೆಯ ಒಳಗೆ ಕೊಬ್ಬು ಹೆಚ್ಚು ಸೇರುತ್ತೆ, ಸ್ನಾಯು ಕಡಿಮೆ ಇರುತ್ತೆ, ಡಯಾಬಿಟಿಸ್ ಹೆಚ್ಚು.

ಇದರಿಂದ ನಿಯಮಗಳೂ ಬದಲಾದ್ವು. 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾ ಮೂಲ ಅನ್ನೋದನ್ನೇ ಅಪಾಯ ಹೆಚ್ಚಿಸೋ ಅಂಶ ಅಂತ ಸೇರಿಸಿದ್ರು. ಪ್ರಿಎಕ್ಲಾಂಪ್ಸಿಯಾ, ನಲವತ್ತರೊಳಗೆ ಮುಟ್ಟು ನಿಲ್ಲೋದು, ಇವೂ ಅದೇ ಪಟ್ಟಿಯಲ್ಲಿವೆ. ಡಯಾಬಿಟಿಸ್ ಪರೀಕ್ಷೆಗೆ ಉಳಿದವರಿಗೆ ಬಿಎಂಐ 25 ದಾಟಬೇಕು, ಏಷ್ಯಾ ಮೂಲದವರಿಗೆ 23ಕ್ಕೇ ಮಾಡಿ ಅಂತ ಅಲ್ಲಿನ ಡಯಾಬಿಟಿಸ್ ಸಂಘ ಹೇಳುತ್ತೆ. ಹಾಗಾಗಿ ಅಮೆರಿಕದಲ್ಲಿ ಓದ್ತಿರೋ ಕನ್ನಡದ ಹುಡುಗಿಗೆ ‘ನಿನ್ನ ತೂಕ ಪರ್ಫೆಕ್ಟ್’ ಅಂತ ಕ್ಯಾಂಪಸ್ ಕ್ಲಿನಿಕ್ ಹೇಳಿದ್ರೂ, ‘ನಮ್ಮ ಮನೇಲಿ ಇವರಿಗೆ ಇಷ್ಟು ವಯಸ್ಸಿಗೆ ಅಟ್ಯಾಕ್ ಆಗಿತ್ತು’ ಅಂತ ಅವಳೇ ಬಾಯಿಬಿಟ್ಟು ಹೇಳಬೇಕು. ಇಪ್ಪತ್ತು ದಾಟಿದ ಎಲ್ಲರೂ ನಾಲ್ಕರಿಂದ ಆರು ವರ್ಷಕ್ಕೊಮ್ಮೆ ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ ಅನ್ನೋದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಲಹೆ.

ಮುಟ್ಟೋಕೆ ಹೆದರೋ ಕೈಗಳು

ಇನ್ನು ಕೊನೆಯ ಭಾಗ. ಒಂದು ಚಾಪ್ಟರ್ ಮನಸ್ಸು ಮಾಡಿದ್ರೆ ಒಂದೇ ಮಧ್ಯಾಹ್ನದಲ್ಲಿ ಬದಲಾಯಿಸಬಹುದಾದ ವಿಷಯ.

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಮೊದಲನೆಯದರಲ್ಲಿ ನಾಳ ಕಟ್ಟಿಕೊಳ್ಳುತ್ತೆ, ಸಾಮಾನ್ಯವಾಗಿ ಮನುಷ್ಯ ಎಚ್ಚರ ಇರ್ತಾನೆ, ಮಾತಾಡ್ತಾನೆ. ಎರಡನೆಯದರಲ್ಲಿ ಹೃದಯ ರಕ್ತ ದಬ್ಬೋದನ್ನೇ ನಿಲ್ಲಿಸುತ್ತೆ. ಕುಸಿದು ಬೀಳ್ತಾರೆ, ಕರೆದ್ರೆ ಓಗೊಡಲ್ಲ, ಉಸಿರು ಇರಲ್ಲ ಅಥವಾ ಸರಿಯಾಗಿ ಇರಲ್ಲ. ಆಗ ಪಕ್ಕದಲ್ಲಿದ್ದವರು ಎದೆ ಒತ್ತಬೇಕು, ಅದೇ ಸಿಪಿಆರ್. ಅಮೆರಿಕದಲ್ಲಿ 19,000ಕ್ಕೂ ಹೆಚ್ಚು ಪ್ರಕರಣ ನೋಡಿದ ಒಂದು ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಸಾರ್ವಜನಿಕ ಜಾಗದಲ್ಲಿ ಕುಸಿದ ಗಂಡಸರಲ್ಲಿ ಶೇ 45 ಜನಕ್ಕೆ ದಾರಿಹೋಕರು ಸಿಪಿಆರ್ ಮಾಡಿದ್ರು. ಹೆಂಗಸರಲ್ಲಿ ಶೇ 39 ಜನಕ್ಕೆ ಮಾತ್ರ. ಗಂಡಸರು ಬದುಕುಳಿಯೋ ಸಾಧ್ಯತೆಯೂ ಹೆಚ್ಚಿತ್ತು.

ಯಾಕೆ? ಮುಟ್ಟೋಕೆ ಸಂಕೋಚ. ಎಲ್ಲಿ ತಪ್ಪು ತಿಳ್ಕೋತಾರೋ ಅನ್ನೋ ಭಯ. ಹೆಣ್ಣಿಗೆ ಹೀಗೆ ಆಗಲ್ಲ ಅನ್ನೋ ನಂಬಿಕೆ. ಜೊತೆಗೆ, ತರಬೇತಿಗೆ ಬಳಸೋ ಗೊಂಬೆಗಳಲ್ಲಿ ಹೆಚ್ಚಿನವು ಗಂಡಸಿನ ಎದೆಯವು. ಯೆಂಟಲ್ ಇಲ್ಲಿಯೂ ಬಂದಳು ನೋಡಿ.

ಕೆಲವು ಚಾಪ್ಟರ್‌ಗಳು ಸಿಪಿಆರ್ ತರಬೇತಿ ಇಟ್ಟುಕೊಳ್ತವೆ. ಗಾಲಾದಷ್ಟು ಚೆಂದದ ಫೋಟೋ ಅದರಲ್ಲಿ ಬರಲ್ಲ. ಎಲ್ಲರೂ ನೆಲದ ಮೇಲೆ ಮೊಣಕಾಲೂರಿ ಬೆವರು ಸುರಿಸ್ತಿರ್ತಾರೆ. ಆದ್ರೆ ನೂರು ಜನ ಒಂದೇ ಮನೆಯಲ್ಲಿ ಇರೋದು, ವಾರವಾರ ಸಭೆ ಸೇರೋದು, ಬರದವರಿಗೆ ದಂಡ ಹಾಕೋದು, ಈ ಶಿಸ್ತು ಬೇರೆ ಯಾವ ವಿದ್ಯಾರ್ಥಿ ಬಳಗಕ್ಕಿದೆ? ಎಲ್ಲರಿಗೂ ಎದೆ ಒತ್ತೋದು ಕಲಿಸೋಕೆ, ಎಲ್ಲರ ಬಿಪಿ ನೋಡೋಕೆ, ಎಲ್ಲರಿಂದಲೂ ಅವತ್ತೇ ರಾತ್ರಿ ಅಮ್ಮನಿಗೆ ಆ ಫೋನ್ ಮಾಡಿಸೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. 1872ರ ಹತ್ತು ಜನರಿಗೂ ಬೇಕಿದ್ದು, ಹೆಣ್ಣುಮಕ್ಕಳು ತಮ್ಮ ವಿಷಯ ತಾವು ಮಾತಾಡಿಕೊಳ್ಳೋ ಒಂದು ಕೋಣೆ.

ನೀವು ಎಲ್ಲೇ ಇದ್ರೂ, ಕುಸಿದು ಬಿದ್ದವರು ಹೆಣ್ಣಾದ್ರೂ ಗಂಡಾದ್ರೂ, ಮಾಡಬೇಕಾದ್ದು ಒಂದೇ. ಭುಜ ತಟ್ಟಿ ಕರೀರಿ. ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ರೆ ಒಬ್ಬರಿಗೆ ಬೆರಳು ತೋರಿಸಿ ‘ನೀವು ಫೋನ್ ಮಾಡಿ’ ಅನ್ನಿ. ಅಮೆರಿಕದಲ್ಲಿ 911, ಇಲ್ಲಿ 108 ಅಥವಾ 112. ಎದೆಯ ನಡುವಿನ ಮೂಳೆ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಮೊಣಕೈ ನೆಟ್ಟಗಿರಲಿ. ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರೋಕೆ ಬಿಡಿ. ಮಾಲ್‌ನಲ್ಲೋ ವಿಮಾನ ನಿಲ್ದಾಣದಲ್ಲೋ ಇದ್ರೆ ಎಇಡಿ ಯಂತ್ರ ತರಿಸಿ, ಅದರ ಪಟ್ಟಿಗಳು ಬರಿ ಚರ್ಮಕ್ಕೆ ಅಂಟಬೇಕು, ಹಾಗಾಗಿ ಬಟ್ಟೆ ಸರಿಸಬೇಕಾಗುತ್ತೆ. ಸರಿಸಿ. ಸುತ್ತ ಹೆಂಗಸರಿದ್ರೆ ದುಪಟ್ಟಾ ಹಿಡಿದು ಮರೆ ಮಾಡೋಕೆ ಹೇಳಿ. ಒತ್ತೋದು ಮಾತ್ರ ನಿಲ್ಲಿಸಬೇಡಿ, ಸುಸ್ತಾದ್ರೆ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿಕೊಳ್ಳಿ.

ಇವತ್ತಿಗೆ ಇಷ್ಟು. ಎದೆ ಬಿಗಿತವೋ ಉಸಿರು ಕಟ್ಟೋದೋ ಇದ್ರೆ ಈ ಪಾಡ್‌ಕಾಸ್ಟ್ ಕೇಳ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಮುಂದಿನ ವಾರ ಸಿಗೋಣ.